ಅಪ್ಪನ ಯಾಶಿಕಾ: ರಿಪೇರಿಯೋ, ಹೊಸದೋ?

ಮಾರ್ಚ್‌ನಲ್ಲಿ ಸಾಗರಕ್ಕೆ ಹೋದಾಗ ಅಪ್ಪ ಕಪಾಟಿನಿಂದ ತಮ್ಮ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಕ್ಯಾಮೆರಾ ತೆಗೆದು ನನ್ನ ಮುಂದಿಟ್ಟರು. "ತಗೊಂಡು ಹೋಗಿ ಮಾರು, ಇಲ್ಲಾ ಎಸೆ. ಎರಡು ಬಿಂಬ ಒಂದಾಗೋದೇ ಇಲ್ಲ ಈಗ" ಅಂದರು.

ಇದು ರೇಂಜ್‌ಫೈಂಡರ್ ಕ್ಯಾಮೆರಾ. ಕಿಂಡಿಯಲ್ಲಿ ನೋಡಿದರೆ ಮಧ್ಯದಲ್ಲೊಂದು ಹಳದಿ ಮಚ್ಚೆ, ಅದರೊಳಗೆ ಎದುರಿಗಿರುವವರ ಮುಖ ಎರಡೆರಡು. ಲೆನ್ಸ್ ತಿರುಗಿಸುತ್ತಾ ಹೋದರೆ ಎರಡೂ ಒಂದರ ಮೇಲೊಂದು ಕೂರುತ್ತವೆ, ಆಗ ಫೋಕಸ್ ಸರಿ ಎಂದರ್ಥ. ಈ ಮಾಡೆಲ್ ಬಂದದ್ದು 1973ರಲ್ಲಿ. ಅಪ್ಪ ಕೊಂಡದ್ದು 1984ರಲ್ಲಿ, ಮದ್ರಾಸಿನ ಬರ್ಮಾ ಬಜಾರಿನಲ್ಲಿ. ಹೈಸ್ಕೂಲ್ ಮೇಷ್ಟರಾಗಿ ಸೇರಿದ ಹೊಸತು. ಎಷ್ಟು ಕೊಟ್ಟಿದ್ದೆ ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮಾರೋದಾ? ನಮ್ಮನೆಯ ಆಲ್ಬಮ್ ಪೂರ್ತಿ ಇದರದ್ದೇ. ಬೆಂಗಳೂರಿಗೆ ತಂದೆ.

ಚರ್ಮದ ಕವರ್ ಬಿಚ್ಚಿದಾಗಲೇ ಬೂಷ್ಟಿನ ವಾಸನೆ. ಮಲೆನಾಡಿನ ಮಳೆಗೆ ಚಪ್ಪಲಿಗೇ ಬೂಷ್ಟು ಹಿಡಿಯುತ್ತೆ, ಇನ್ನು ಲೆನ್ಸ್ ಬಿಡುತ್ತಾ? ಚರ್ಮ ತೇವ ಹಿಡಿದಿಟ್ಟುಕೊಳ್ಳೋದರಿಂದ ಕವರಿನಲ್ಲಿ ವರ್ಷಗಟ್ಟಲೆ ಇಡೋದೇ ತಪ್ಪು. ನಿಮ್ಮ ಮನೆಯಲ್ಲೂ ಒಂದಿದ್ದರೆ ಕವರಿನಿಂದ ಹೊರತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಶೂ ಬಾಕ್ಸಿನಲ್ಲಿ ಬರುತ್ತಲ್ಲ, ಅದೇ ಪೊಟ್ಟಣ.

ಹಿಂಬಾಗಿಲು ತೆಗೆದರೆ ಬೆಳಕು ತಡೆಯುವ ಕಪ್ಪು ಸ್ಪಾಂಜ್ ಕರಗಿ ಡಾಂಬರಿನಂತೆ ಅಂಟಿಕೊಂಡಿತ್ತು. ಬ್ಯಾಟರಿಯ ಕಥೆ ಬೇರೆ. ಇದಕ್ಕೆ ಬೇಕಾದ್ದು 5.6 ವೋಲ್ಟಿನ ಪಾದರಸದ ಬ್ಯಾಟರಿ, ಪರಿಸರದ ಕಾರಣಕ್ಕೆ ಅದು ಮಾರುಕಟ್ಟೆಯಿಂದಲೇ ಹೋಗಿದೆ. ಬ್ಯಾಟರಿ ಇಲ್ಲದಿದ್ದರೂ ಶಟರ್ ಬೀಳುತ್ತೆ, ಆದರೆ ಸೆಕೆಂಡಿನ 500ನೇ ಒಂದು ಭಾಗದ ಒಂದೇ ವೇಗದಲ್ಲಿ. ಸುಡುಬಿಸಿಲಿಗೆ ಓಕೆ, ಒಳಕೋಣೆಗೆ ಕತ್ತಲೆ. 6 ವೋಲ್ಟಿನ ಸಣ್ಣ 4ಎಲ್‌ಆರ್44 ಬ್ಯಾಟರಿಗೆ ಪೆನ್ನಿನ ಸ್ಪ್ರಿಂಗು, ಕಾಗದದ ಸುರುಳಿ ಸೇರಿಸಿ ಕೂರಿಸಿದೆ. ಚೆಕ್ ಮಾಡೋ ದೀಪ ಹತ್ತಿತು! ಪ್ರೊಡಕ್ಷನ್ ಬಗ್ ಫಿಕ್ಸ್ ಮಾಡಿದಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ಆದರೆ ಫಿಲ್ಮ್ ಮುಂದಕ್ಕೆಳೆಯೋ ಲಿವರ್ ಎಳೆದಾಗ ಒಳಗಿನಿಂದ 'ಟಕ್' ಎನ್ನುವ ಸದ್ದು ಬರಬೇಕು, ಬರಲಿಲ್ಲ. ಎಲೆಕ್ಟ್ರೋ 35ರ ಪ್ರಸಿದ್ಧ ಕಾಯಿಲೆ ಇದು. ಒಳಗೊಂದು ಪುಟ್ಟ ರಬ್ಬರ್ ತುಂಡು ವಯಸ್ಸಾಗಿ ಪುಡಿಯಾಗುತ್ತೆ, ಆಮೇಲೆ ಶಟರಿನ ಲೆಕ್ಕ ತಪ್ಪುತ್ತೆ. ಒಂದು ಚೂರು ರಬ್ಬರಿಗಾಗಿ ಇಡೀ ಕ್ಯಾಮೆರಾ ಬಿಚ್ಚಬೇಕು. ಆ ಧೈರ್ಯ ನನಗಿಲ್ಲ.

ಚಿಕ್ಕಪೇಟೆ ಕಡೆ ಮೆಟ್ಟಿಲು ಹತ್ತಿ ಹೋಗಬೇಕಾದ ಅಂಗಡಿಯಲ್ಲಿ ಅರವತ್ತು ದಾಟಿದ ಮೆಕ್ಯಾನಿಕ್ ಒಬ್ಬರು ಸಿಕ್ಕರು. ನೋಡಿ, "4,500 ಆಗುತ್ತೆ ಸರ್, ಎರಡು ತಿಂಗಳು" ಅಂದರು. ಅವರ ಸ್ನೇಹಿತರ ಬಳಿ ಒಳ್ಳೇ ಸ್ಥಿತಿಯ ಪೆಂಟ್ಯಾಕ್ಸ್ ಕೆ1000 ಇತ್ತು, 14,000ಕ್ಕೆ. ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬರೀ ಮೀಟರಿಗೆ. ನಿಜ ಹೇಳ್ತೀನಿ, ಮನಸ್ಸು ವಾಲಿತು. ಹೊಚ್ಚ ಹೊಸದೇ ಬೇಕೆಂದರೆ 2024ರಲ್ಲಿ ಬಂದ ಪೆಂಟ್ಯಾಕ್ಸ್ 17 ಇದೆ. ಅರ್ಧ ಫ್ರೇಮಿನದ್ದು, 36ರ ರೋಲಿನಲ್ಲಿ 72 ಫೋಟೋ. ಆದರೆ ಬಂದಾಗ ಅಮೆರಿಕದಲ್ಲೇ ಅದಕ್ಕೆ 500 ಡಾಲರ್ ಇತ್ತು.

"ನೀವಾದ್ರೆ ಏನು ಮಾಡ್ತಿದ್ರಿ?" ಅಂತ ಕೇಳಿದೆ. ಅವರು ಲೆನ್ಸನ್ನು ಟಾರ್ಚಿಗೆ ಹಿಡಿದರು. "ಬೂಷ್ಟು ಗಾಜನ್ನ ತಿಂದಿದ್ರೆ ಬಿಡಿ ಅಂತಿದ್ದೆ. ಸರ್ಕ್ಯೂಟ್ ಸತ್ತಿದ್ರೂ ಬಿಡಿ ಅಂತಿದ್ದೆ, ಪಾರ್ಟ್ಸ್ ಬೇಕಂದ್ರೆ ಇನ್ನೊಂದು ಸತ್ತ ಕ್ಯಾಮೆರಾ ಹುಡುಕಬೇಕು. ಇದರಲ್ಲಿ ಎರಡೂ ಇಲ್ಲ." ಕೊಟ್ಟು ಬಂದೆ. ಫೋನಿನಲ್ಲಿ ಅಪ್ಪ, "ಎಂತಕ್ಕೆ ಮಾರಾಯ, ಸುಮ್ನೆ ದುಡ್ಡು ಹಾಳು" ಅಂದರೂ, ವಾರಕ್ಕೊಮ್ಮೆ "ಆಯ್ತಾ ಅದು?" ಅಂತ ವಿಚಾರಿಸುತ್ತಿದ್ದರು.

ಮೇ ಕೊನೆಗೆ ಕ್ಯಾಮೆರಾ ಬಂತು. 'ಟಕ್' ಸದ್ದು ವಾಪಸ್. ಸ್ಪಾಂಜ್ ಹೊಸದು, ರೇಂಜ್‌ಫೈಂಡರ್ ಒರೆಸಿ ಹೊಂದಿಸಿದ್ದರು. ಕೊಡಕ್ ಕಲರ್‌ಪ್ಲಸ್ ಹಾಕಿಕೊಂಡು ಊರಿಗೆ ಹೋದೆ. ಅಪ್ಪ ಅಂಗಳದಲ್ಲಿ ನಿಂತು ಅಮ್ಮನ ಕಡೆ, ದನದ ಕಡೆ, ತೋಟದ ಕಡೆ ತಿರುಗಿಸಿ ಒಂದಷ್ಟು ಹೊಡೆದು ಕೆಳಗಿಳಿಸಿದರು.

"ಅದೇ ಕಥೆ. ಮಧ್ಯದ ಹಳದಿ ಕಾಣೋದೇ ಇಲ್ಲ. ನಿನಗೆ ಟೋಪಿ ಹಾಕಿದಾನೆ ಅವನು."

ನಾನು ನೋಡಿದೆ. ಹಳದಿ ಮಚ್ಚೆ ಸ್ಪಷ್ಟವಾಗಿತ್ತು. ಅಮ್ಮನ ಮೂಗುತಿಯ ಎರಡು ಬಿಂಬ ಸರಿಯಾಗಿ ಒಂದರ ಮೇಲೊಂದು ಕೂತವು. ಅಮ್ಮನಿಗೆ ಕೊಟ್ಟೆ. "ಕಾಣ್ತದಲ್ಲ" ಅಂದಳು. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಮ್ಮನೇ ಶುರು ಮಾಡಿದಳು: ಸಂಜೆ ಪೇಪರ್ ಓದೋದು ಬಿಟ್ಟಿದ್ದು, ಎದುರಿಂದ ಬರೋ ಗಾಡಿ ಲೈಟಿಗೆ ಬೈಯೋದು, ತೋಟದಲ್ಲಿ ಎರಡು ಸಲ ಎಡವಿದ್ದು. ಇಷ್ಟನ್ನೂ ಅಪ್ಪ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ದಿನಾ ರಾತ್ರಿ ಫೋನ್ ಮಾಡ್ತೀನಿ, ಕೇಳೋದು "ಊಟ ಆಯ್ತಾ?" ಅಷ್ಟೇ.

ಶಿವಮೊಗ್ಗದ ಡಾಕ್ಟರ್ ಎರಡೂ ಕಣ್ಣಿಗೆ ಪೊರೆ ಅಂದರು, ಬಲಗಣ್ಣಿನದ್ದು ಚೆನ್ನಾಗಿ ಬಲಿತಿದೆ ಅಂದರು. ಅಪ್ಪ ಕಿಂಡಿಗೆ ಇಡೋದು ಅದೇ ಕಣ್ಣು. ಜುಲೈನಲ್ಲಿ ಪೊರೆ ತೆಗೆದು ಕೃತಕ ಲೆನ್ಸ್ ಹಾಕಿದರು. ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಲ್ಲಿ ಬರುವಾಗ, "ಕ್ಯಾಮೆರಾ ರಿಪೇರಿ ಮಾಡಿಸ್ದೆ, ನಂದು ಮಾತ್ರ ಹೊಸ ಲೆನ್ಸೇ ಹಾಕಿಸ್ದೆ ನೋಡು" ಅಂತ ನಕ್ಕರು.

ಉಳಿದಿದ್ದ ರೋಲನ್ನು ಆಗಸ್ಟ್ ಕೊನೆಯಲ್ಲಿ ಮುಗಿಸಿದರು. ಸ್ಕ್ಯಾನ್ ನೋಡಿದರೆ ಮೊದಲ ಎರಡು ಪೂರ್ತಿ ಕಪ್ಪು: ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ. ಈ ಕ್ಯಾಮೆರಾದಲ್ಲಿ ನೋಡೋ ಕಿಂಡಿ, ಬೆಳಕು ಅಳೆಯೋ ಕಣ್ಣು ಎರಡೂ ಲೆನ್ಸಿಗಿಂತ ಬೇರೆ, ಹಾಗಾಗಿ ಮುಚ್ಚಳ ಇದ್ದರೂ ಗೊತ್ತಾಗಲ್ಲ. ಆಮೇಲಿನ ಒಂಬತ್ತು ಮಂಜು ಮಂಜು, ದನವಂತೂ ದನ ಅಂತ ನಂಬಬೇಕು. ಹನ್ನೆರಡನೆಯದು ಆಪರೇಷನ್ ಆದಮೇಲಿನದ್ದು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ, "ಅದನ್ನೊಂದು ಕೆಳಗಿಡಿ" ಅಂತ ಬೈಯುತ್ತಿದ್ದಾಳೆ. ಮೂಗುತಿಯ ಹರಳು ಎಣಿಸಬಹುದು.

ಎಡಗಣ್ಣಿಗೆ ದೀಪಾವಳಿ ಆದಮೇಲೆ ದಿನ ಕೊಟ್ಟಿದ್ದಾರೆ. ಅಷ್ಟರೊಳಗೆ ಇನ್ನೆರಡು ರೋಲ್ ತಂದುಕೊಡಬೇಕಂತೆ.