ನಾನಕ ಝರಿಯ ಪಂಕ್ತಿಯಲ್ಲಿ

ಇಳಕಲ್ಲಿನಿಂದ ಹುನಗುಂದದ ಮಾರ್ಗವಾಗಿ ವಿಜಯಪುರಕ್ಕೆ ಹೊರಟರೆ ಹೆದ್ದಾರಿಯ ಬದಿಯಲ್ಲಿ ‘ಪಂಜಾಬಿ ಢಾಬಾ’ ಎಂಬ ಫಲಕಗಳು ಕಾಣಸಿಗುತ್ತವೆ. ಒಳಹೊಕ್ಕು ನೋಡಿದರೆ ಒಲೆಯ ಮುಂದಿರುವವರು ನಮ್ಮ ಸೀಮೆಯವರೇ. ದಾಲ್ ತಡ್ಕಾದ ಜೊತೆಗೆ ಜೋಳದ ರೊಟ್ಟಿಯೂ ದೊರೆಯುತ್ತದೆ. ಪಂಜಾಬಿನ ಊಟವೆಂದರೆ ಇಷ್ಟೇ ಎಂದು ನಾನು ಬಹುಕಾಲ ತಿಳಿದಿದ್ದೆ. ಅದೇ ರಸ್ತೆ, ಈಗ 50ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿರುವುದು, ಸಿಂದಗಿ, ಜೇವರ್ಗಿ, ಕಲಬುರ್ಗಿ, ಹುಮನಾಬಾದುಗಳನ್ನು ಹಾಯ್ದು ಬೀದರಿಗೂ, ಅಲ್ಲಿಂದಾಚೆ ಗುರು ಗೋವಿಂದಸಿಂಗರು 1708ರಲ್ಲಿ ದೇಹವಿಟ್ಟ ನಾಂದೇಡಕ್ಕೂ ಹೋಗುತ್ತದೆ. ಆ ದಾರಿಯಲ್ಲಿ ನಿಜವಾದ ಪಂಜಾಬಿ ಪಂಕ್ತಿಯೊಂದು ಹಾಸಿಕೊಂಡು ಕುಳಿತಿದೆ ಎಂಬುದನ್ನು ಅರಿಯಲು ನಾನು ಅರವತ್ತು ದಾಟಬೇಕಾಯಿತು.

ಕಳೆದ ಮಾಘ ಮಾಸದಲ್ಲಿ ಇಳಕಲ್ಲು, ಹುನಗುಂದ, ಬಾದಾಮಿಗಳ ಮೂರು ಮನೆತನದವರು ಕೂಡಿ ಬಸವಕಲ್ಯಾಣದ ದರ್ಶನಕ್ಕೆ ಹೋಗಿದ್ದೆವು. ಮರುದಿನ ನಸುಕಿನಲ್ಲಿ ಬೀದರಿನ ಗುರುದ್ವಾರವನ್ನೂ ನೋಡೋಣವೆಂದು ತರುಣರು ಹಟ ಹಿಡಿದರು. ನನಗೆ ಒಳಗೇ ಅಳುಕು. ಮಠದಲ್ಲಿ ಬೆಳೆದವನು ನಾನು. ಲಿಂಗಪೂಜೆಯಾಗದೆ ಹನಿ ನೀರೂ ಬಾಯಿಗೆ ಹೋಗದು, ಕಂಡಲ್ಲಿ ಉಣ್ಣುವ ರೂಢಿಯೂ ಇಲ್ಲ. ಆದ್ದರಿಂದ ಖಟಿರೊಟ್ಟಿ, ಶೇಂಗಾ ಚಟ್ನಿ, ರಂಜಕ ಇವುಗಳ ಬುತ್ತಿಗಂಟು ನನ್ನ ಕಂಕುಳಲ್ಲಿಯೇ ಇತ್ತು. ಅವರ ಊಟವನ್ನು ಮರ್ಯಾದೆಯಿಂದ ತಪ್ಪಿಸಿಕೊಂಡು, ಮರದ ನೆರಳಿನಲ್ಲಿ ಗಂಟು ಬಿಚ್ಚುವುದೆಂದು ಮೊದಲೇ ನಿಶ್ಚಯಿಸಿದ್ದೆ.

ಬಾಗಿಲಲ್ಲಿ ಪಾದರಕ್ಷೆಗಳನ್ನು ಇಸಿದುಕೊಂಡವರು ಶುಭ್ರ ವಸ್ತ್ರದ, ಬಿಳಿಗಡ್ಡದ ಒಬ್ಬ ಹಿರಿಯರು. ನನ್ನ ಹರಕು ಕೆರವನ್ನು ಬರಿಗೈಯಿಂದ ಎತ್ತಿ, ಧೂಳು ಒರಸಿ ಒಳಗಿಟ್ಟರು. ಅವರು ಹಲವು ಲಾರಿಗಳ ಮಾಲೀಕರೆಂದೂ, ವರ್ಷಕ್ಕೆ ಕೆಲವು ದಿನ ಈ ಸೇವೆಗೆಂದೇ ಬರುತ್ತಾರೆಂದೂ ಆಮೇಲೆ ತಿಳಿಯಿತು. ಒಳಹೋಗಲು ತಲೆಯ ಮೇಲೆ ವಸ್ತ್ರವಿರಬೇಕು. ತರುಣರಿಗೆ ಕರವಸ್ತ್ರ ಕಟ್ಟಿಕೊಳ್ಳಬೇಕಾಯಿತು. ನನ್ನ ತಲೆಯ ಮೇಲೆ ಪಟಗ ಇದ್ದೇ ಇತ್ತು. ನಮ್ಮ ಹೆಣ್ಣುಮಕ್ಕಳು ಇಳಕಲ್ಲ ಸೀರೆಯ ಸೆರಗನ್ನು ತಲೆತುಂಬ ಹೊದ್ದುಕೊಂಡಾಗ, ಓಢಣಿ ಹೊದ್ದ ಪಂಜಾಬಿ ತಾಯಂದಿರು ಹತ್ತಿರ ಬಂದು ಆ ಕೆಂಪು ಬಿಳುಪಿನ ತೆನೆಸೆರಗನ್ನು ಮುಟ್ಟಿ ಮುಟ್ಟಿ ನೋಡಿದರು.

ನಾನು ಅವರ ಸತ್ಕಾರದ ಮೊದಲ ಪರೀಕ್ಷೆಯನ್ನು ಒಡ್ಡಿದೆನೆನ್ನಬೇಕು. ನನ್ನ ಹರಕು ಮುರುಕು ಹಿಂದಿಯಲ್ಲಿ, ನನಗಿನ್ನೂ ಪೂಜೆಯಾಗಿಲ್ಲ, ಏಕಾಂತದ ಸ್ಥಳವೊಂದು ಬೇಕು ಎಂದೆ. ಯಾವ ಪೂಜೆ, ಯಾವ ದೇವರು, ನಮ್ಮ ಗುರುಮಂದಿರದಲ್ಲಿ ಬೇರೆ ಪೂಜೆಯೇ ಎಂದು ಅವರು ಕೇಳಬಹುದಿತ್ತು, ಕೇಳಲಿಲ್ಲ. ಯಾತ್ರಿಕರ ನಿವಾಸದಲ್ಲಿ ಒಂದು ಕೋಣೆಯ ಬಾಗಿಲು ತೆರೆದು, ನೆಲ ಒರಸಿ, ಹೊಸ ಚಾಪೆ ಹಾಸಿ, ಇನ್ನೇನು ಬೇಕೆಂದರು. ನೀರು ಎಂದೆ. ಸ್ವಲ್ಪ ಹೊತ್ತಿನಲ್ಲಿ ತುಂಬಿದ ತಂಬಿಗೆ ಬಂತು. ಅದು ನಲ್ಲಿಯ ನೀರಲ್ಲ, ಝರಿಯದು.

ಆ ಝರಿಯ ಪ್ರತೀತಿ ಹೀಗಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ದಕ್ಷಿಣದ ಯಾತ್ರೆ ಕೈಗೊಂಡ ಗುರುನಾನಕರು ಬೀದರಿಗೆ ಬಂದಾಗ ಇಲ್ಲಿ ಕುಡಿಯುವ ನೀರಿಗೆ ಬರವಿತ್ತಂತೆ. ಜನರ ಗೋಳು ಕೇಳಿ ಅವರು ಬೆಟ್ಟದ ಬುಡದ ಕಲ್ಲನ್ನು ಸರಿಸಿ ತಮ್ಮ ಪಾದುಕೆಯನ್ನು ಮುಟ್ಟಿಸಲು ಸಿಹಿನೀರು ಚಿಮ್ಮಿತೆಂದು ಹೇಳುತ್ತಾರೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಸಂದಿನಿಂದ ನೀರು ಇಂದಿಗೂ ಹರಿಯುತ್ತಿದೆ. ಗುರುದ್ವಾರದ ಕಟ್ಟಡವಾದದ್ದು 1948ರಲ್ಲಿ. ಆ ನೀರಿನಿಂದಲೇ ಅಂದು ನನ್ನ ಇಷ್ಟಲಿಂಗಕ್ಕೆ ಮಜ್ಜನವಾಯಿತು. ಪೂಜೆ ಮುಗಿಸಿ ಬಾಗಿಲು ತೆಗೆದಾಗ ತಂಬಿಗೆ ತಂದ ಹಿರಿಯರು ಹೊರಗೆ ನೆಲದ ಮೇಲೆ ಕುಳಿತೇ ಇದ್ದರು. “ಬಾಬಾಜಿ, ಇನ್ನು ಪಂಗತ್” ಎಂದರು. ಬುತ್ತಿಯ ಮಾತು ನನ್ನ ನಾಲಗೆಯ ತುದಿಗೆ ಬಂದು ಅಲ್ಲಿಯೇ ಉಳಿಯಿತು.

ಪಂಗತ್ ಎಂದರೆ ನಮ್ಮ ಪಂಕ್ತಿಯೇ. ಮಠದ ಪಂಕ್ತಿಗಳಲ್ಲಿ ಪಂಡಿತನೆಂದು ನನಗೆ ಮೊದಲ ಸಾಲಿನಲ್ಲಿ ಮಣೆ ಹಾಕುವುದುಂಟು. ಅದು ನನಗೆ ರೂಢಿಯಾಗಿಬಿಟ್ಟಿತ್ತೆಂದು ಒಪ್ಪಿಕೊಳ್ಳಲೇಬೇಕು. ಇಲ್ಲಿ ಒಂದೇ ಉದ್ದದ ಹಾಸು. ನನ್ನ ಎಡಕ್ಕೆ ಒಬ್ಬ ಲಾರಿ ಚಾಲಕ, ಬಲಕ್ಕೆ ಬುರ್ಖಾ ಧರಿಸಿದ ಒಬ್ಬ ತಾಯಿ ಮತ್ತು ಆಕೆಯ ಮಗು. ಗುರುನಾನಕರು ಆರಂಭಿಸಿದ ಈ ಲಂಗರನ್ನು ಮೂರನೆಯ ಗುರು ಅಮರದಾಸರು ಕಟ್ಟುನಿಟ್ಟಾಗಿಸಿ, ತಮ್ಮ ದರ್ಶನಕ್ಕೆ ಬಂದವರು ಯಾರೇ ಆಗಲಿ ಮೊದಲು ಸಾಲಿನಲ್ಲಿ ಕುಳಿತು ಉಣಬೇಕೆಂದು ವಿಧಿಸಿದರು. ಅಕ್ಬರ ಬಾದಶಹನೂ ಹಾಗೆಯೇ ಕುಳಿತನೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಬಾದಶಹ ಕುಳಿತಮೇಲೆ ಇಳಕಲ್ಲಿನ ಪಂಡಿತನ ಪಾಡೇನು!

ಬಡಿಸುವ ಹುಡುಗ “ಪರ್ಶಾದಾ ಜೀ, ಪರ್ಶಾದಾ” ಎನ್ನುತ್ತ ಬಂದ. ನಾನು ಚಕಿತನಾದೆ. ಗೋದಿಯ ರೊಟ್ಟಿಗೆ ಅವರ ಲಂಗರಿನಲ್ಲಿರುವ ಹೆಸರೇ ಅದು! “ಪ್ರಸಾದವಾಯಿತೇ?” ಎಂದು ನಮ್ಮ ಮಠಗಳಲ್ಲಿ ಕೇಳುವಾಗ ಊಟವಾಯಿತೇ ಎಂದೇ ಅರ್ಥವಲ್ಲವೇ? ಅದನ್ನು ತಟ್ಟೆಯಲ್ಲಿ ಹಾಕುವುದಿಲ್ಲ. ಎರಡೂ ಕೈಗಳನ್ನು ಒಡ್ಡಿದರೆ ಅಂಗೈಯಲ್ಲಿ ಇಡುತ್ತಾರೆ. ವಯಸ್ಸಾದ ಮೇಲೆ ಕೈಯೊಡ್ಡುವುದು ಸುಲಭವಲ್ಲ. ಒಂದು ಕ್ಷಣ ತಡೆದೆ, ಒಡ್ಡಿದೆ. ಉದ್ದು ಕಡಲೆಗಳನ್ನು ಮಂದವಾಗಿ ಬೇಯಿಸಿದ ದಾಲ್, ಆಲೂಗಡ್ಡೆಯ ಪಲ್ಯ, ಖೀರು. ಮಸಾಲೆ ಹದವಾಗಿತ್ತು, ಖಾರ ನಮ್ಮವರಿಗೆ ಸಾಲದು. ದರ್ಬಾರಿನಲ್ಲಿ ಮೊದಲೇ ಕೊಟ್ಟಿದ್ದ ಕಡಾ ಪ್ರಸಾದವನ್ನು ಗೋದಿಹಿಟ್ಟು, ತುಪ್ಪ, ಸಕ್ಕರೆ ಸಮತೂಕ ಹಾಕಿ ಮಾಡುತ್ತಾರೆ. ತಿಂದ ಮೇಲೂ ಬಹಳ ಹೊತ್ತು ಅಂಗೈ ಘಮಘಮಿಸುತ್ತಿತ್ತು.

ನಮ್ಮ ಹೆಣ್ಣುಮಕ್ಕಳು ಉಂಡು ಸುಮ್ಮನೆ ಏಳಲಿಲ್ಲ, ಅಡುಗೆಮನೆಗೆ ಹೋದರು. ಅಲ್ಲಿ ಹತ್ತಾರು ಮಂದಿ ಸುತ್ತಲೂ ಕುಳಿತು ರೊಟ್ಟಿ ಲಟ್ಟಿಸುತ್ತಿದ್ದರು. ಬಾದಾಮಿಯ ನಮ್ಮ ಬೀಗತಿ ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟು, ಜೋಳದ ರೊಟ್ಟಿಯ ರೀತಿಯಲ್ಲಿ ಗೋದಿಹಿಟ್ಟನ್ನು ಟಪಟಪ ಬಡಿಯತೊಡಗಿದರು. ನಾದಿದ ಗೋದಿ ಜೋಳದಂತೆ ಕೇಳುತ್ತದೆಯೇ? ಎಳೆದಷ್ಟೂ ಹಿಂಜರಿಯುತ್ತಿತ್ತು. ಪಂಜಾಬಿ ತಾಯಂದಿರು ನಗುವುದಕ್ಕೆ ಮೊದಲಿಟ್ಟರು, ಬೀಗತಿಯೂ ನಕ್ಕರು. ಆಮೇಲೆ ಒಬ್ಬಾಕೆ ಲಟ್ಟಿಸುವುದನ್ನು ಇವರಿಗೆ, ಇವರು ಬಡಿಯುವುದನ್ನು ಆಕೆಗೆ ಕಲಿಸುತ್ತ ಕುಳಿತರು. ಭಾಷೆ ಯಾರಿಗೂ ನೆನಪಾಗಲಿಲ್ಲ.

ಹೊರಗೆ ಹಿರಿಯರೊಡನೆ ಕುಳಿತು ಮಾತಾಡಿದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಗರ ಕರೆಗೆ ತಲೆಯೊಪ್ಪಿಸಲು ಎದ್ದ ಐವರಲ್ಲಿ ಭಾಯಿ ಸಾಹಿಬಸಿಂಗರು ಈ ಬೀದರಿನವರು, ಕ್ಷೌರಿಕ ವೃತ್ತಿಯವರು. ನಮ್ಮ ಊರುಗಳ ಹಡಪದ ಬಂಧುಗಳು ಶರಣ ಹಡಪದ ಅಪ್ಪಣ್ಣನವರನ್ನು ನೆನೆಯುವುದನ್ನು ನಾನು ಹೇಳಿದಾಗ ಹಿರಿಯರು ಬೆರಳು ತುದಿಗಳನ್ನು ಹಣೆಗೆ ಮುಟ್ಟಿಸಿಕೊಂಡರು. ಇದೇ ಬೀದರಿನಲ್ಲಿ 1988ರ ಗಲಭೆಯಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಕೊಲೆಯಾದರು. ಕೇಳಬಾರದಿತ್ತೇನೋ, ಆದರೂ ಆ ದಿನಗಳ ಬಗ್ಗೆ ಕೇಳಿದೆ. ಅವರು ಬಹಳ ಹೊತ್ತು ಝರಿಯ ಕಡೆ ನೋಡುತ್ತ ಕುಳಿತರು. “ಊಟಕ್ಕೆ ಬಂದವರನ್ನು ಊರು ಯಾವುದೆಂದು ನಾವು ಕೇಳುವುದಿಲ್ಲ” ಎಂದಷ್ಟೇ ಅಂದರು. ನನಗೆ ಮುಂದೆ ಮಾತು ಹೊರಡಲಿಲ್ಲ.

ಹೊರಡುವಾಗ ಕಂಕುಳಲ್ಲಿ ಗಂಟು ಹಾಗೆಯೇ ಇತ್ತು. ನಾಚಿಕೆಯಿಂದ ಅದನ್ನು ಬಿಚ್ಚಿ ಹಿರಿಯರ ಮುಂದಿಟ್ಟೆ. ಅವರು ಖಟಿರೊಟ್ಟಿಯನ್ನು ಎರಡೂ ಅಂಗೈ ಒಡ್ಡಿ ತೆಗೆದುಕೊಂಡು, ಲಟಲಟನೆ ಮುರಿದು, ನನ್ನ ಎಚ್ಚರಿಕೆಯನ್ನು ಕೇಳದೆ ರಂಜಕದಲ್ಲಿ ಧಾರಾಳವಾಗಿ ಅದ್ದಿ ಬಾಯಿಗಿಟ್ಟರು. ಕಣ್ಣಿನಲ್ಲಿ ನೀರು ತುಂಬಿ ಗಡ್ಡಕ್ಕೆ ಇಳಿಯಿತು. ಓಢಣಿಯ ತಾಯಿಯೊಬ್ಬರು ನೀರು ತರಲು ಓಡಿದರು. ಹಿರಿಯರು ಕಣ್ಣೊರಸಿಕೊಂಡು, ನಗುತ್ತ, ಇನ್ನೊಂದು ಚೂರಿಗೆ ಮತ್ತೆ ಎರಡೂ ಕೈ ಒಡ್ಡಿದರು.