ಪೈಯ ಲೆಕ್ಕ

ಪೈ ಎಂದರೆ ಹಿಂದೆ ಒಂದಾಣೆಯ 12ನೆಯ ಪಾಲು. ಅಬಿಡ್ಸಿನ ಬೇಕರಿಗಳ ಗಾಜಿನ ಕಪಾಟಿನಲ್ಲಿ ಕಾಣಸಿಗುವ ಪೈ ಬೇರೆ. ಅದು ಮೈದಾ ಹಿಟ್ಟಿನ ಹೊದಿಕೆಯೊಳಗೆ ಸೇಬಿನ ಹೋಳುಗಳನ್ನಿಟ್ಟು ಬೇಯಿಸಿದ ವಿಲಾಯತಿ ಸಿಹಿತಿಂಡಿ. ಹಣ್ಣಿನ ಹೆಸರು ಹೊತ್ತ ತಿನಿಸನ್ನು ನಾವು ಶಂಕಿಸುವುದು ಕಡಿಮೆ. ಆದುದರಿಂದಲೇ ಅದರ ಲೆಕ್ಕವನ್ನು ಒಂದು ಪೈಯೂ ಬಿಡದಂತೆ ನೋಡುವುದು ಒಳಿತು.

100 ಗ್ರಾಂ ಸೇಬಿನಲ್ಲಿ ಇರುವುದು ಸುಮಾರು 52 ಕ್ಯಾಲೊರಿ. ಕೊಬ್ಬು ಇಲ್ಲವೆನ್ನುವಷ್ಟು ಅಲ್ಪ; ಸಿಪ್ಪೆಸಹಿತ ತಿಂದರೆ 2.4 ಗ್ರಾಂ ನಾರು ದೊರೆಯುವುದು. ಅಷ್ಟೇ ತೂಕದ ಪೈಯಲ್ಲಿ ಸುಮಾರು 240 ಕ್ಯಾಲೊರಿಯೂ 11 ಗ್ರಾಂ ಕೊಬ್ಬೂ ಸೇರಿರುತ್ತವೆ. ನಾರು ಮಾತ್ರ ಇನ್ನೂ ಕಡಿಮೆ. ಹೊದಿಕೆ ಗರಿಗರಿಯಾಗಬೇಕಾದರೆ ಬೆಣ್ಣೆಯೋ ವನಸ್ಪತಿಯೋ ಧಾರಾಳವಾಗಿ ಬೇಕು. ಒಂದು ಗ್ರಾಂ ಸಕ್ಕರೆ 4 ಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ. ಮೈದಾದ ಪಿಷ್ಟವೂ ಜೀರ್ಣವಾಗಿ ಗ್ಲೂಕೋಸಿನ ರೂಪದಲ್ಲಿಯೇ ರಕ್ತವನ್ನು ಸೇರುವುದರಿಂದ, ಸಕ್ಕರೆಯನ್ನು ಕಡಿಮೆ ಮಾಡಿದ ಮಾತ್ರಕ್ಕೆ ಪೈ ಪಥ್ಯವಾಗಲಾರದು.

ಈ ಅಂಕಿಗಳು ನಮಗೆ ಬರಿಯ ಪಾಠವಲ್ಲ. ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ. ಜಿಲೇಬಿಯನ್ನು ತಾವಾಗಿಯೇ ದೂರ ಸರಿಸುವ ಅವರು ಪೈ ಕಂಡರೆ, "ಹಣ್ಣು ತಾನೆ, ಏನಾದೀತು?" ಎಂದು ಕೈ ನೀಡುವರು. ಲೆಕ್ಕವನ್ನು ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವೆಲ್ಲ ತಿನ್ನುವಾಗ ನಾನೊಬ್ಬಳೇ ಬರಿಗೈಯಲ್ಲಿ ಕೂರಲೇನು?" ಎಂದರು. ಅವರು ಕೈ ನೀಡುತ್ತಿದ್ದುದು ಸೇಬಿಗಲ್ಲ, ನಮ್ಮ ಪಂಕ್ತಿಗೆ, ಎಂಬುದು ಆಗ ತಿಳಿಯಿತು. ಅಂದಿನಿಂದ ವೈದ್ಯರು ಹೇಳಿದ ಅಳತೆಯಲ್ಲಿ ಅವರಿಗೆ ಸಿಪ್ಪೆಸಹಿತ ಸೇಬಿನ ಹೋಳು. ನಮಗೂ ಮೊದಲು ಅದೇ. ಪೈ ಎಂದಾದರೊಮ್ಮೆ, ಮನೆಯ ಹೊರಗೆ.

14ನೆಯ ಶತಮಾನದ ಕೊನೆಗೆ ಸೇರಿದ ಇಂಗ್ಲೆಂಡಿನ ಪಾಕಗ್ರಂಥವೊಂದರಲ್ಲಿ ಇಂಥ ತಿಂಡಿಯ ವಿಧಾನವಿದೆ. ಸೇಬು, ಅಂಜೂರ, ಒಣದ್ರಾಕ್ಷಿ, ಕೇಸರಿಗಳ ಹೆಸರು ಅಲ್ಲಿದೆ, ಸಕ್ಕರೆಯ ಹೆಸರಿಲ್ಲ. ಹಣ್ಣೇ ಅಂದಿನ ಸಿಹಿಯಾಗಿತ್ತು.

ಅಬಿಡ್ಸಿಗೆ ಸಮೀಪದಲ್ಲಿಯೇ 1935ರಲ್ಲಿ ಕಟ್ಟಿದ ಮೊಅಜ್ಜಂ ಜಾಹಿ ಮಾರುಕಟ್ಟೆಯ ಕಲ್ಲುಕಟ್ಟಡವಿದೆ. ಒಂದು ಕಾಲಕ್ಕೆ ಅದು ಹಣ್ಣಿನ ವ್ಯಾಪಾರಕ್ಕೆ ಹೆಸರಾಗಿತ್ತು. ಆ ಸಗಟು ವ್ಯಾಪಾರ ಈಗ ನಗರದಾಚೆಗೆ ಹೋಗಿದೆಯಾದರೂ ಹಣ್ಣು ನಮಗೆ ದುರ್ಲಭವಾಗಿಲ್ಲ. ಸಹಪಾಠಿಗಳೇ, ತಿಂಡಿಯ ಹೆಸರಿನಲ್ಲಿ ಹಣ್ಣಿದ್ದರೆ ಸಾಲದು. ಒಳಗೆ ಹಣ್ಣೆಷ್ಟು, ಹಿಟ್ಟೆಷ್ಟು, ಬೆಣ್ಣೆಯೆಷ್ಟು ಎಂದು ಕೇಳಿ ತಿನ್ನೋಣ. ಮನೆಯ ಹಿರಿಯರನ್ನು ಜೊತೆಯಲ್ಲಿ ಕೂರಿಸಿಕೊಂಡೇ ತಿನ್ನೋಣ.