ಕಂಪ್ಯೂಟರಿಗೆ ಟೈಮ್ ಹೇಳೋದು ಯಾರು?

ಪ್ಲಗ್ ಕಿತ್ತಿಟ್ಟ ಕಂಪ್ಯೂಟರನ್ನು ತಿಂಗಳಾದ ಮೇಲೆ ಆನ್ ಮಾಡಿದರೂ ಟೈಮ್ ಹೆಚ್ಚುಕಡಿಮೆ ಸರಿಯಾಗೇ ಇರುತ್ತೆ, ಇಂಟರ್‌ನೆಟ್ ಇಲ್ಲದಿದ್ದರೂ. ಹೇಗೆ ಅಂತ ಯೋಚಿಸಿದ್ದೀರಾ?

ಮದರ್‌ಬೋರ್ಡಿನಲ್ಲಿ ಒಂದು ಪುಟ್ಟ ಗಡಿಯಾರವಿದೆ. ಅದರ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತೆ. ಅದೇ ಒಂದು ಸೆಕೆಂಡ್. ಕರೆಂಟ್ ಇಲ್ಲದಾಗ ಇದನ್ನು ಓಡಿಸೋದು 3 ವೋಲ್ಟಿನ ಬಿಲ್ಲೆಯಂಥ ಸೆಲ್, ಸಿಆರ್2032.

1984ರ ಐಬಿಎಂ ಪಿಸಿ/ಎಟಿಯಲ್ಲಿದ್ದ ಮೋಟೊರೋಲಾ ಚಿಪ್‌ನಲ್ಲಿ ಜಾಗ ಬರೀ 64 ಬೈಟ್. 14 ಗಡಿಯಾರದ ಕೆಲಸಕ್ಕೆ, ಉಳಿದ 50 ಡಿಸ್ಕ್ ಯಾವುದು, ಮೆಮೊರಿ ಎಷ್ಟು ಎಂಬಂಥ ನೆನಪಿಗೆ. ಓದುವ ಕ್ರಮವೂ ಸರಳ. ಹೆಕ್ಸ್ ಲೆಕ್ಕದ 70ನೇ ಪೋರ್ಟಿಗೆ ಯಾವ ಬೈಟ್ ಬೇಕು ಅಂತ ಬರೆದು, 71ರಲ್ಲಿ ಉತ್ತರ ಓದಬೇಕು. ಸೊನ್ನೆ ಅಂದರೆ ಸೆಕೆಂಡು, ಎರಡು ನಿಮಿಷ, ನಾಲ್ಕು ಗಂಟೆ. ಆದರೆ 9:59 ಮುಗಿದು 10:00 ಆಗುವ ಹೊತ್ತಿಗೇ ಓದಿದರೆ 9:00 ಅಂತ ಸಿಕ್ಕಿಬಿಡಬಹುದು! ಹಾಗಾಗಿ ಅಂಕಿ ಬದಲಾಗುತ್ತಿದೆಯಾ ಅಂತ ಮೊದಲು ನೋಡಿಕೊಳ್ಳಬೇಕು. ಲಿನಕ್ಸ್ ಇರಲಿ, ವಿಂಡೋಸ್ ಇರಲಿ, ಆನ್ ಆಗುವಾಗ ಈ ಗಡಿಯಾರದ ಮಾತನ್ನು ನಂಬಿ, ಆಮೇಲೆ ತಾನೇ ಎಣಿಸುತ್ತಾ ಹೋಗುತ್ತೆ.

ಕಳೆದ ಮಳೆಗಾಲದಲ್ಲಿ ಅಪ್ಪ ಗಾಬರಿಯಿಂದ ಫೋನ್ ಮಾಡಿದ್ದರು. ಬ್ಯಾಂಕಿನ ವೆಬ್‌ಸೈಟ್ ತೆರೆದರೆ 'ಸುರಕ್ಷಿತವಲ್ಲ' ಅಂತ ಬರ್ತಿದೆ, ಪೆನ್ಶನ್ ದುಡ್ಡಿಗೆ ಯಾರೋ ಕೈ ಹಾಕಿದ್ದಾರೆ ಅನ್ನೋ ಭಯ. ರಿಪೇರಿಯವರು ನೋಡಿ, "ಹಳೇದಾಯ್ತು, ಹೊಸದು ತಗೊಳ್ಳಿ ಸಾರ್" ಅಂದಿದ್ದರಂತೆ.

"ಅಪ್ಪ, ಸ್ಕ್ರೀನಿನ ಮೂಲೆಯಲ್ಲಿ ತಾರೀಕು ಎಷ್ಟಿದೆ ನೋಡಿ" ಅಂದೆ.

"ಜನವರಿ ಒಂದು, 2009 ಕಣೋ!"

ಸೆಲ್ ಸತ್ತಿತ್ತು. ಅಪ್ಪ ರಾತ್ರಿ ಗೋಡೆಯ ಸ್ವಿಚ್ಚನ್ನೂ ಆರಿಸುತ್ತಾರೆ. ಹಾಗಾಗಿ ಪ್ರತಿ ಬೆಳಗ್ಗೆ ಕಂಪ್ಯೂಟರಿಗೆ ಅದೇ ಹೊಸವರ್ಷ. ಬ್ಯಾಂಕಿನ ಸರ್ಟಿಫಿಕೇಟಿಗೆ ಆರಂಭದ ದಿನವೂ ಇರುತ್ತೆ, ಕೊನೆಯ ದಿನವೂ ಇರುತ್ತೆ. 2009ರಲ್ಲಿ ಕೂತ ಬ್ರೌಸರಿಗೆ ಅದು ಇನ್ನೂ ಶುರುವೇ ಆಗಿಲ್ಲದ ಕಾಗದ. ಬೇಡ ಅಂತು. ಐವತ್ತು ರೂಪಾಯಿಯೊಳಗೆ ಹೊಸ ಸೆಲ್ ಬಂತು, ತಾರೀಕು ಸರಿಮಾಡಿದೆವು, ಬ್ಯಾಂಕ್ ತೆರೆಯಿತು. ಪೆನ್ಶನ್ ಅಲ್ಲೇ ಇತ್ತು.

ಈಗ ಕಂಪ್ಯೂಟರಿನ ಸೆಟ್ಟಿಂಗ್‌ಗಳು ಹೆಚ್ಚಾಗಿ ಫ್ಲ್ಯಾಶ್ ಮೆಮೊರಿಯಲ್ಲಿರುತ್ತವೆ, ಅದಕ್ಕೆ ಸೆಲ್ ಬೇಡ. ಬರೆದಿಟ್ಟ ನೆನಪು ಕರೆಂಟಿಲ್ಲದೆಯೂ ಉಳಿಯುತ್ತೆ. ಸಮಯ ಹಾಗಲ್ಲ, ಅದನ್ನು ಯಾರಾದರೂ ಎಚ್ಚರವಾಗಿದ್ದು ಎಣಿಸುತ್ತಲೇ ಇರಬೇಕು. ಮನೆಯ ಹಳೇ ಕಂಪ್ಯೂಟರ್ ಇದ್ದಕ್ಕಿದ್ದಂತೆ ಎಲ್ಲ ವೆಬ್‌ಸೈಟನ್ನೂ ಅನುಮಾನಿಸತೊಡಗಿದರೆ, ಹೊಸದರ ಬೆಲೆ ವಿಚಾರಿಸುವ ಮುಂಚೆ ತಾರೀಕು ನೋಡಿ.